ಖಾಜಾಸಾಬರ ಉಲ್ಟಾ ಹಾಡಿಗೆ ನಾನು ಕೊಟ್ಟ ಪ್ರಮಾಣಪತ್ರ

ಮೋಟಾರಿನ ಸದ್ದು ಕೇಳಿ ಅದರ ರೋಗ ಹೇಳಬಲ್ಲವರು ಆ ಕಾಲಕ್ಕೆ ನಮ್ಮ ಕುಷ್ಟಗಿಯಲ್ಲಿ ಇಬ್ಬರೇ ಇದ್ದರು. ಒಬ್ಬ ನಾನು. ಇನ್ನೊಬ್ಬರು ತೀರಿಕೊಂಡಿದ್ದರು.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಏಳನೆಯ ತರಗತಿ ಅರ್ಧಕ್ಕೆ ಬಿಟ್ಟು, ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಉಸ್ತಾದರ ಕೈ ಕೆಳಗೆ ಆರು ವರ್ಷ ತಾಮ್ರದ ತಂತಿ ಸುತ್ತಿ, ಬೆರಳಿನ ಚರ್ಮ ಎರಡು ಸಲ ಕಿತ್ತು ಹೋಗಿ ಮೂರನೆಯ ಚರ್ಮ ಬಂದ ಮೇಲೆ ಕುಷ್ಟಗಿಗೆ ವಾಪಸು ಬಂದು ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟವನು ನಾನು. ಸುಟ್ಟ ಪಂಪ್‌ಸೆಟ್ಟಿನ ಮೋಟಾರು ಬೆಳಿಗ್ಗೆ ತಂದರೆ ಮರುದಿನ ಸಂಜೆಗೆ ಬಾವಿಯಲ್ಲಿ ನೀರು ಎತ್ತುತ್ತಿತ್ತು. ಊರವರು ನನ್ನನ್ನು 'ವೈಂಡಿಂಗ್ ಮಾಸ್ತರ' ಅನ್ನುತ್ತಿದ್ದರು. ಶಾಲೆ ಪೂರ್ತಿ ಮುಗಿಸಿದ ನನ್ನ ಗೆಳೆಯರಲ್ಲಿ ಒಬ್ಬನಿಗೂ ಮಾಸ್ತರ ಎಂಬ ಪದವಿ ದಕ್ಕಿರಲಿಲ್ಲ. ಶಾಲೆ ಬಿಟ್ಟ ನನಗೆ ದಕ್ಕಿತ್ತು!

ಹೀಗಿರಲಾಗಿ ಒಂದು ದಿನ ನಾನು ಬಿಟ್ಟು ಬಂದ ಅದೇ ಶಾಲೆಯ ಹೆಡ್ ಮಾಸ್ತರರು ನನ್ನ ಅಂಗಡಿಗೇ ಬಂದರು. ನಾನು ಓದುವಾಗ ಇದ್ದವರಲ್ಲ, ಆಮೇಲೆ ಬಂದವರು. ಆದರೂ ನಾನು ಗಾಬರಿಯಿಂದ ಎದ್ದು ನಿಂತೆ. ಹೆಡ್ ಮಾಸ್ತರ ಅಂದರೆ ಹೆಡ್ ಮಾಸ್ತರ.

"ಮಾಸ್ತರ, ನಿಮ್ಮಿಂದ ಒಂದ್ ಕೆಲಸ ಆಗಬೇಕಾಗಿತ್ತಲ್ರಿ," ಅಂದರು.

"ಬಾವಿ ಪಂಪ್ ಸುಟ್ಟೇತೇನ್ರಿ ಸರ?"

"ಪಂಪ್ ಅಲ್ರಿ. ಹಾಡು."

ಹಾಡು ಸುಟ್ಟಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸ್ಟೂಲಿನ ಮೇಲೆ ಕೂತು ಅವರು ವಿವರಿಸಿದರು. ಮುಂದಿನ ತಿಂಗಳು ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಶಾಲೆಯ ಡ್ರಾಯಿಂಗ್ ಮಾಸ್ತರರ ತಂಗಿಯ ಮಗಳ ಮದುವೆ ಹನುಮಸಾಗರದಲ್ಲಿ ಆಗಿತ್ತು. ಆ ಮದುವೆಗೆ ಹೊಸಪೇಟೆಯಿಂದ ವಿಡಿಯೋದವನನ್ನು ಕರೆಸಿದ್ದರು. ಅವನು ತೆಗೆದ ವಿಡಿಯೋದಲ್ಲಿ ಬಳೆ ಮಾರುವ ಖಾಜಾಸಾಬ ಎಂಬಾತ ಹಾಡುಗಳನ್ನು ಕೊನೆಯ ಅಕ್ಷರದಿಂದ ಮೊದಲ ಅಕ್ಷರಕ್ಕೆ ತಿರುವಿ ಹಾಡುತ್ತಾನೆ. ಆತನನ್ನು ಗ್ಯಾದರಿಂಗಿಗೆ ಕರೆಸೋಣ ಎಂದು ಡ್ರಾಯಿಂಗ್ ಮಾಸ್ತರರು ಹಟ ಹಿಡಿದಿದ್ದಾರೆ. ಇದು ಮನುಷ್ಯರ ಬಾಯಿಂದ ಆಗುವ ಕೆಲಸವೇ ಅಲ್ಲ, ವಿಡಿಯೋದವನು ಟೇಪಿನಲ್ಲಿ ಏನೋ ಕಿತಾಪತಿ ಮಾಡಿದ್ದಾನೆ ಎಂದು ಹೆಡ್ ಮಾಸ್ತರರ ಅನುಮಾನ.

"ಸ್ಟೇಜ್ ಹತ್ತಿಸಿದ ಮ್ಯಾಲ ಆ ಮನಷ್ಯಾ ಬ್ಬೆ ಬ್ಬೆ ಅಂದ್ರ ಸಾಲಿ ಮರ್ಯಾದಿ ಏನಾಗಬೇಕ್ರಿ? ನೀವು ಮಷೀನ ಬಲ್ಲವ್ರು. ಖರೇ ಐತೋ ಖೊಟ್ಟಿ ಐತೋ ನೋಡಿ ಹೇಳಿಬಿಡ್ರಿ. ಆಮಂತ್ರಣ ಪತ್ರಿಕ್ಯಾಗ ನಿಮ್ಮ ಹೆಸರು ಹಾಕಸ್ತೀವಿ. 'ತಾಂತ್ರಿಕ ಸಲಹೆಗಾರರು' ಅಂತ. ಸ್ಟೇಜಿನ ಮ್ಯಾಲ ಕುರ್ಚಿನೂ ಹಾಕಸ್ತೀವಿ."

ಕುರ್ಚಿ! ಆ ಶಾಲೆಯಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು, ಬಾಗಿಲ ಹೊರಗೆ ನಿಲ್ಲಿಸಿದ್ದರು, ಒಮ್ಮೆ ಒಂಟಿಗಾಲಲ್ಲಿ ನಿಲ್ಲಿಸಿದ್ದರು. ಕೂಡು ಅಂದವರು ಇವರೇ ಮೊದಲು. ವಿಡಿಯೋ ಯಂತ್ರದ ಒಳಗೆ ಏನಿರುತ್ತದೆ ಎಂದು ನಾನು ಜನ್ಮದಲ್ಲಿ ನೋಡಿರಲಿಲ್ಲ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ನೆನಪು ಮಾಡಿಕೊಟ್ಟವಳು ನನ್ನ ಹೆಂಡತಿ ಗಿರಿಜವ್ವ.

"ಅಲ್ರೀ, ವಿಡಿಯೋ ನಿಮಗೇನ್ ಗೊತ್ತೈತಿ?"

"ಅದರಾಗ ಏನೈತಿ? ಟೇಪ್ ಐತಿ. ಟೇಪ್ ತಿರಗ್ಬೇಕಂದ್ರ ಮೋಟಾರ್ ಬೇಕು. ಮೋಟಾರ್ ಬಂತಂದ್ರ ಅಲ್ಲಿ ನಾ ಅದೀನಿ."

"ಹೋದ ವರ್ಷ ನಮ್ಮ ಟೇಬಲ್ ಫ್ಯಾನಿನ್ಯಾಗೂ ಮೋಟಾರ್ ಇತ್ತು. ನೀವು ರಿಪೇರಿ ಮಾಡಿದ ಮ್ಯಾಲ ಗಾಳಿ ಗ್ವಾಡಿಗೆ ಬೀಸಾಕತ್ತೇತಿ."

"ಫ್ಯಾನ್ ತಿರಗ್ತದಿಲ್ಲೋ?"

"ತಿರಗ್ತದ್ರಿ. ಗ್ವಾಡಿ ತಣ್ಣಗೈತಿ, ನಾವು ಬೆವರಾಕತ್ತೀವಿ."

ಹೆಂಗಸರೊಡನೆ ತಾಂತ್ರಿಕ ಚರ್ಚೆ ಮಾಡಬಾರದೆಂದು ನಾನು ಅಂಗಿ ಹಾಕಿಕೊಂಡು ಹೊರಬಿದ್ದೆ.

ಭಾನುವಾರ ಬೆಳಿಗ್ಗೆ ಶಾಲೆಯ ದೊಡ್ಡ ಕೋಣೆಯಲ್ಲಿ ಪ್ರದರ್ಶನ ಏರ್ಪಾಡಾಯಿತು. ವಿಡಿಯೋ ಪೆಟ್ಟಿಗೆಯನ್ನೂ ಟಿ.ವಿ.ಯನ್ನೂ ಬಾಡಿಗೆಗೆ ತಂದವನು ನಮ್ಮೂರಿನ ಗವಿಸಿದ್ದ. ಅವನೂ ಅದನ್ನು ಕೊಪ್ಪಳದ ಯಾರಿಂದಲೋ ತಂದಿದ್ದ. ಹೀಗಾಗಿ ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಪುಕ್ಕಟೆ ವಿಡಿಯೋ ಎಂದು ಗೊತ್ತಾಗಿ ಮಾಸ್ತರರು, ಅವರ ಮನೆಯವರು, ನಮ್ಮ ಓಣಿಯ ಹೆಣ್ಣುಮಕ್ಕಳು ಎಲ್ಲಾ ಬಂದು ಚಾಪೆ ತುಂಬಿದರು. ಗಿರಿಜವ್ವ ಮೊದಲ ಸಾಲಿನಲ್ಲೇ ಕೂತಿದ್ದಳು. ನಾನು ಸೈಕಲ್ಲಿನ ಕ್ಯಾರಿಯರಿಗೆ ಒಂದು ಎಚ್‌ಪಿ ಮೋಟಾರು ಕಟ್ಟಿಕೊಂಡು ಹೋಗಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ತಜ್ಞರನ್ನು ಕೇಳಬಾರದು.

ಟೇಪು ಓಡಿತು. ಮದುವೆಯ ಹಿಂದಿನ ದಿನದ ಬಳೆ ಇಡಿಸುವ ಶಾಸ್ತ್ರ. ಖಾಜಾಸಾಬರು ಚಾಪೆಯ ಮೇಲೆ ಕೂತು, ಮದುಮಗಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಗೆಣ್ಣು ಒತ್ತುತ್ತ ಹಾಡಿದರು.

"ವಮಾ ರೋತಾ ಳಿಬ ಟಿಪ್ಯಾ..."

ಅದೇ ಸಾಲನ್ನು ಎರಡು ಸಲ ಹಾಡಿ, "ಬಿಡಸ್ರವ್ವಾ ನೋಡೋಣು," ಅಂದರು. ಟೇಪಿನೊಳಗಿದ್ದ ಹುಡುಗಿಯರು ಬೆರಳು ಮಡಚಿ ಲೆಕ್ಕ ಹಾಕಿದರು. ಒಬ್ಬಳು ಕೊನೆಗೆ, "ಪ್ಯಾಟಿ ಬಳಿ ತಾರೋ ಮಾವ!" ಎಂದು ಕೂಗಿದಳು. ಎಲ್ಲರೂ ನಕ್ಕರು. ಹಾಗೆ ಇನ್ನೂ ನಾಲ್ಕು ಹಾಡು.

"ಇದೇನ್ ಬಾಯೋ, ಹೊಲಿಗಿ ಮಷೀನೋ!" ಅಂದರು ನಮ್ಮ ಚಾಪೆಯ ಮೇಲಿದ್ದವರು.

ನಾನು ನಗಲಿಲ್ಲ. ಟಿ.ವಿ.ಗೆ ಒಂದು ಗೇಣು ಹತ್ತಿರ ಕೂತು ಖಾಜಾಸಾಬರ ಬಾಯನ್ನೇ ನೋಡಿದೆ. ತುಟಿ ನೋಡಿದೆ. ಕಿವಿಯನ್ನು ಟಿ.ವಿ.ಯ ಪಕ್ಕಕ್ಕೆ ಹಚ್ಚಿ ಕಣ್ಣು ಮುಚ್ಚಿದೆ. ಮೋಟಾರು ಪರೀಕ್ಷೆಗೆ ನಾನು ಹೀಗೇ ಮಾಡುವುದು. ಆಮೇಲೆ ಎದ್ದು ಗಂಟಲು ಸರಿ ಮಾಡಿಕೊಂಡೆ.

"ಮಹನೀಯರೇ," ಅಂದೆ. ಆ ಪದವನ್ನು ಹಿಂದಿನ ದಿನವೇ ಯೋಚಿಸಿ ಇಟ್ಟಿದ್ದೆ. "ಮೂರು ಫೇಸಿನ ಮೋಟಾರಿಗೆ ಮೂರು ವಾಯರ್. ಅದರಾಗ ಯಾವುದಾರ ಎರಡು ಅದಲಿ ಬದಲಿ ಮಾಡಿದ್ರ ಮೋಟಾರ್ ಉಲ್ಟಾ ತಿರಗ್ತದ. ಈಗ ನೋಡ್ರಿ."

ಶಾಲೆಯ ಬಾವಿ ಪಂಪಿನ ಲೈನು ಕೋಣೆಯ ಪಕ್ಕದಲ್ಲೇ ಇತ್ತು. ಎಲ್ಲರನ್ನೂ ಹೊರಗೆ ಕರೆದು, ನನ್ನ ಮೋಟಾರನ್ನು ಅದಕ್ಕೆ ಜೋಡಿಸಿ ಸೀದಾ ತಿರುಗಿಸಿದೆ. ಫ್ಯೂಸು ತೆಗೆದು, ಎರಡು ವಾಯರ್ ಅದಲು ಬದಲು ಮಾಡಿ, ಫ್ಯೂಸು ಹಾಕಿದೆ. ಮೋಟಾರು ಉಲ್ಟಾ ತಿರುಗಿತು. ಚಪ್ಪಾಳೆ ಬಿತ್ತು! ಎಲ್ಲರೂ ಮತ್ತೆ ಒಳಗೆ ಬಂದು ಚಾಪೆಯ ಮೇಲೆ ಕೂತರು.

"ಹಂಗ ಇದೂನೂ," ಅಂದೆ. "ಆ ಮನಷ್ಯಾ ಸೀದಾನೇ ಹಾಡ್ಯಾನ. ವಿಡಿಯೋದಾಂವ ವಾಯರ್ ಬದಲಿ ಮಾಡಿ ಟೇಪ್ ಉಲ್ಟಾ ಓಡಿಸ್ಯಾನ. ಹಾಡು ಉಲ್ಟಾ ಬಂದೇತಿ. ಇಷ್ಟ."

"ಏನ್ರೀ," ಅಂದಳು ಗಿರಿಜವ್ವ.

"ಸುಮ್ಮನ ಕೂಡು."

"ಅಲ್ರೀ, ಆ ಬಳಿ..."

"ನಾವೀಗ ಮಷೀನಿನ ಮಾತು ಆಡಾಕತ್ತೀವಿ. ಬಳಿದಲ್ಲ."

ಅವಳು ಸುಮ್ಮನಾದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಒಂದೇ ಮಾತಿಗೆ ಸುಮ್ಮನಾದಾಗಲೆಲ್ಲ ಏನೋ ಕಾದಿರುತ್ತದೆ ಎಂದು ನನಗೆ ಗೊತ್ತಿರಬೇಕಾಗಿತ್ತು.

ಹೆಡ್ ಮಾಸ್ತರರು ಬಹಳ ಸಂತೋಷಪಟ್ಟು, "ಇದನ್ನ ಬರದು ಕೊಡ್ರಿ," ಅಂದರು. ನಾನು ಅವರ ಮೇಜಿನ ಮೇಲೆ, ಅವರ ಪೆನ್ನಿನಿಂದ, ಅವರ ಎದುರಿಗೇ ಬರೆದೆ:

'ಈ ಮೂಲಕ ಸಮಸ್ತರಿಗೂ ದೃಢಪಡಿಸುವುದೇನೆಂದರೆ, ಹನುಮಸಾಗರದ ಮದುವೆಯ ಸದರಿ ವಿಡಿಯೋವನ್ನು ನಾನು ಖುದ್ದಾಗಿ ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ತಾಂತ್ರಿಕವಾಗಿ ಪರೀಕ್ಷಿಸಿದ್ದು, ಸದರಿ ಹಾಡುಗಳನ್ನು ಸೀದಾ ಹಾಡಿಸಿ ತದನಂತರ ಟೇಪನ್ನು ಉಲ್ಟಾ ಓಡಿಸಿರುತ್ತಾರೆ. ಇದು ಶುದ್ಧ ಮೋಸ. ಫಕೀರಪ್ಪ, ವೈಂಡಿಂಗ್ ತಜ್ಞ.'

ರುಜು ಮಾಡಿದೆ. ಕೆಳಗೆ ಎರಡು ಗೆರೆ ಎಳೆದೆ. ಹೆಡ್ ಮಾಸ್ತರರು ಅದನ್ನು ಮಡಚಿ ಜೇಬಿನಲ್ಲಿಟ್ಟರು. ಅಲ್ಲಿಗೆ ಎದ್ದು ಮನೆಗೆ ಹೋಗಿದ್ದರೆ ನಾನು ಇಂದಿಗೂ ಕುಷ್ಟಗಿಯ ದೊಡ್ಡ ಮನುಷ್ಯನಾಗಿರುತ್ತಿದ್ದೆ.

ಆದರೆ ಡ್ರಾಯಿಂಗ್ ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು. ತೆಳ್ಳಗಿನ ಮನುಷ್ಯ. ಸಿಟ್ಟು ಬಂದಾಗ ಇನ್ನೂ ತೆಳ್ಳಗಾಗುತ್ತಿದ್ದರು.

"ಮಾಸ್ತರ, ಮೋಟಾರ್ ತಿರುವಿ ತೋರಿಸಿದ್ರಿ, ಕಬೂಲ್. ಈಗ ಹಾಡು ತಿರುವಿ ತೋರಸ್ರಿ. ಟೇಪ್ ಉಲ್ಟಾ ಓಡಿಸ್ಯಾರ ಅಂತೀರಲ್ಲ, ನೀವು ಅದನ್ನ ಮತ್ತ ಉಲ್ಟಾ ಓಡಸ್ರಿ. ಹಾಡು ಸೀದಾ ಬಂತಂದ್ರ ನಾನ ಕೈ ಮುಗೀತೀನಿ."

"ಅದೇನ್ ದೊಡ್ಡದಲ್ಲ ತಗೋರಿ," ಅಂದೆ.

ದೊಡ್ಡದಲ್ಲ ನಿಜ. ಸ್ಕ್ರೂ ಬಿಚ್ಚಿ ವಿಡಿಯೋ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗಿನ ಮೋಟಾರು ನನ್ನ ಹೆಬ್ಬೆರಳಿನಷ್ಟೇ ಇತ್ತು. ನಾನು ಹುಡುಕಿದ್ದು ಮೂರು ವಾಯರ್. ಇದ್ದದ್ದು ಎರಡು.

"ಮಾಸ್ತರ, ಕೈ ಹಚ್ಚಬ್ಯಾಡ್ರಿ! ಅದು ನನ್ನದಲ್ರಿ, ಕೊಪ್ಪಳದ್ದು!" ಎಂದು ಗವಿಸಿದ್ದ ಕೂಗಿದ.

"ಮೋಟಾರಿಗೆ ಕೊಪ್ಪಳ ಯಾವ್ದು, ಕುಷ್ಟಗಿ ಯಾವ್ದೋ?" ಎಂದು ಸಮಾಧಾನ ಮಾಡಿ ಎರಡನ್ನೂ ಅದಲು ಬದಲು ಮಾಡಿದೆ. "ಹಾಕು ಸ್ವಿಚ್."

ಅವನು ಹಾಕಲಿಲ್ಲ. ನಾನೇ ಹಾಕಿದೆ.

ಪೆಟ್ಟಿಗೆ ಮೊದಲು ಕೆಮ್ಮಿತು. ಆಮೇಲೆ ಆಕಳಿಸಿತು. ಆಮೇಲೆ ಒಳಗಿಂದ ಕರ್ರಗಿನ ಶ್ಯಾವಿಗೆ ಹೊಸೆಯತೊಡಗಿತು. ಗಜಗಟ್ಟಲೆ ಟೇಪು ಹೊರಗೆ ಬಂದು ಮೇಜಿನ ಮೇಲೆ ಬಿತ್ತು, ಮೇಜಿನಿಂದ ನನ್ನ ಕಾಲ ಮೇಲೆ ಬಿತ್ತು. ನಾನು ಎಳೆದೆ. ಎಳೆಯಬಾರದಾಗಿತ್ತು. ಗಿರಗಿಟ್ಟಲೆಯಂಥ ಚಕ್ರಗಳ ಹಲ್ಲುಗಳಲ್ಲಿ ಸಿಕ್ಕಿಕೊಂಡು ಟೇಪು ಪಟ್ ಎಂದು ಹರಿಯಿತು.

"ಯಪ್ಪಾ! ನಮ್ಮ ಕೂಸಿನ ಮದಿವಿ!" ಎಂದು ಡ್ರಾಯಿಂಗ್ ಮಾಸ್ತರರು ನೆಲಕ್ಕೆ ಕೂತರು. ಇನ್ನೊಂದು ಪ್ರತಿ ಇರಲಿಲ್ಲ.

ಆಮೇಲಿನ ಎರಡು ತಾಸು ನಾನು ಶ್ಯಾವಿಗೆ ಬಿಡಿಸಿದೆ. ತಂತಿ ಸುತ್ತಿದ ಕೈ. ಸುತ್ತುವುದನ್ನು ಮಾತ್ರ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಹರಿದದ್ದಕ್ಕೆ ಅಂಟು ಪಟ್ಟಿ ಹಚ್ಚಿ, ವಾಯರು ಮೊದಲಿನಂತೆ ಜೋಡಿಸಿ ಹಾಕಿ ನೋಡಿದರೆ, ದೇವರ ದಯೆ, ಅಕ್ಕಿಕಾಳು, ತಾಳಿ, ಊಟ ಎಲ್ಲವೂ ಉಳಿದಿದ್ದವು. ಜಜ್ಜಿ ಹೋಗಿದ್ದದ್ದು ಬಳೆ ಇಡಿಸುವ ಭಾಗ ಮಾತ್ರ. ಅಂದರೆ, ಯಾವುದರ ಬಗ್ಗೆ ಇಷ್ಟೆಲ್ಲ ತಕರಾರೋ ಅದೊಂದೇ ಈಗ ಭೂಮಿಯ ಮೇಲೆ ಇರಲಿಲ್ಲ!

ಆಗ ಗಿರಿಜವ್ವ ಎದ್ದು ನಿಂತಳು.

"ಈಗಾರ ಮಾತಾಡ್ಲೇನ್ರಿ?" ಅಂದಳು. ನನ್ನನ್ನು ಕೇಳಲಿಲ್ಲ, ಹೆಡ್ ಮಾಸ್ತರರನ್ನು ಕೇಳಿದಳು.

"ಹೇಳ್ರವ್ವಾ."

"ಟೇಪ್ ಉಲ್ಟಾ ಓಡಿತ್ತಂದ್ರ ಬಳಿ ಕೈಯಾಗಿಂದ ಹೊರಗ ಬರಬೇಕಿತ್ತಲ್ರೀ ಸರ? ಅವು ಒಳಗ ಹೊಂಟಿದ್ವು. ನಾ ಎಣಿಸೀನಿ. ಒಂದೊಂದ್ ಹಾಡಿಗೆ ಮೂರ್ ಮೂರು."

ಚಾಪೆಯ ಮೇಲಿದ್ದ ಹೆಣ್ಣುಮಕ್ಕಳೆಲ್ಲ, "ಹೌದ್ರಿ, ಒಳಗ ಹೊಂಟಿದ್ವು. ಹಸರು ಬಳಿ," ಅಂದರು. ಅಷ್ಟೂ ಜನಕ್ಕೆ ಗೊತ್ತಿತ್ತು! ನಾವು ಗಂಡಸರು ಖಾಜಾಸಾಬರ ಬಾಯನ್ನು ನೋಡುತ್ತಿದ್ದೆವು. ಅವರು ಕೈಯನ್ನು ನೋಡುತ್ತಿದ್ದರು.

ಹೆಡ್ ಮಾಸ್ತರರು ಜೇಬು ಮುಟ್ಟಿಕೊಂಡರು. ಅದರಲ್ಲಿ ನನ್ನ ಪ್ರಮಾಣಪತ್ರ ಇತ್ತು.

ಮರ್ಯಾದೆ ಇದ್ದವನು ಅಲ್ಲೇ ತಪ್ಪು ಒಪ್ಪುತ್ತಾನೆ. ನನಗೆ ಕುರ್ಚಿ ಕಣ್ಣ ಮುಂದಿತ್ತು.

"ಚಿತ್ರ ಬ್ಯಾರೆ, ದನಿ ಬ್ಯಾರೆ," ಅಂದೆ. "ಚಿತ್ರ ಸೀದಾ ಬಿಟ್ಟು ದನಿ ಅಷ್ಟ ತಿರುವಿರಬಹುದು. ಎರಡು ಬ್ಯಾರೆ ಬ್ಯಾರೆ ಫೇಸು."

"ಅದಕ್ಕೇನ ಈಗ?" ಅಂದರು ಡ್ರಾಯಿಂಗ್ ಮಾಸ್ತರರು ನೆಲದಿಂದಲೇ. "ಟೇಪ್ ಹೋತು. ಮನಷ್ಯಾ ಇನ್ನೂ ಅದಾನ. ಸಂತಿ ದಿನ ಕುಷ್ಟಗಿಗೇ ಬರ್ತಾನ. ನಿಮ್ಮ ಅಂಗಡಿಗೇ ಕಳಸ್ತೀನಿ. ಅವನದೂ ಸ್ಕ್ರೂ ಬಿಚ್ಚಿ ನೋಡ್ರಿ."

ಸಂತೆಯ ದಿನ ಖಾಜಾಸಾಬರು ಬಂದರು. ನಾನು ಕಲ್ಪಿಸಿಕೊಂಡದ್ದು ಭಾರಿ ಆಳು. ಬಂದದ್ದು ನನ್ನ ಭುಜದಷ್ಟೆತ್ತರದ ಮುದುಕರು. ಹೆಗಲಿಗೆ ಬಳೆಯ ಮಲಾರ, ಬಾಯಲ್ಲಿ ಎಲೆಅಡಿಕೆ, ಹಣೆಯ ಮೇಲೆ ಬೆವರು. ಮಲಾರ ಇಳಿಸಿ, "ಸಲಾಮ್ರಿ ಮಾಸ್ತರ. ನನ್ನಾಗ ಏನೋ ಫಾಲ್ಟ್ ಐತಂತಲ್ರಿ?" ಅಂದರು. ಹೆಡ್ ಮಾಸ್ತರರು, ಡ್ರಾಯಿಂಗ್ ಮಾಸ್ತರರು ಅವರ ಹಿಂದೆಯೇ ಇದ್ದರು. ಗಿರಿಜವ್ವ ಊಟದ ಡಬ್ಬಿ ತಂದವಳು ಹೋಗದೆ ನಿಂತಳು.

"ಹಾಡ್ರಿ ನೋಡೋಣು," ಅಂದೆ.

"ಸುಮ್ಮಸುಮ್ಮನ ಬರಂಗಿಲ್ರಿ. ಕೈಯಾಗ ಕೈ ಇರಬೇಕು, ಬಳಿ ಇರಬೇಕು. ಬಳಿ ಏರುವಾಗ ಹೆಣ್ಣುಮಕ್ಕಳಿಗೆ ನೋವಾಕ್ಕೈತಿ. ಹಾಡು ತಿರುವಿ ಹಾಡಿದ್ರ ಅದನ್ನ ಬಿಡಸೂದರಾಗ ಅವ್ರಿಗೆ ನೋವು ಮರತಿರ್ತದ. ಅದಕ್ಕ ಕಲತದ್ದು. ಮೂವತ್ತು ವರ್ಷ ಊರೂರು ತಿರಗೀನಿ. ಹೋಗುವಾಗ ಅಂಗಡಿ ಬೋರ್ಡ್ ಸೀದಾ ಓದೂದು, ಬರುವಾಗ ತಿರುವಿ ಓದೂದು. ಹಾದಿ ಸವೀತದ."

ಗಿರಿಜವ್ವ ಕೂತು ಕೈ ಚಾಚಿದಳು. ಅವರು ಹಾಡಿದರು. ಉಲ್ಟಾ. ಸ್ಪಷ್ಟ. ನನ್ನ ಅಂಗಡಿಯಲ್ಲಿ ಆಗ ಟೇಪೂ ಇರಲಿಲ್ಲ, ವಾಯರ್ ಬದಲಿಸುವವನೂ ಇರಲಿಲ್ಲ.

"ಬಾಯಿಪಾಠ!" ಅಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

"ಹಂಗಾರ ನೀವ ಒಂದ್ ಹೇಳ್ರಿ," ಅಂದರು ಖಾಜಾಸಾಬರು.

ನನಗೇನೂ ಹೊಳೆಯಲಿಲ್ಲ. ಹೆಡ್ ಮಾಸ್ತರರಿಗೆ ಹೊಳೆಯಿತು. ಜೇಬಿನಿಂದ ಪ್ರಮಾಣಪತ್ರ ತೆಗೆದು, ಕೊನೆಯ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದರು. "ಇದು ಶುದ್ಧ ಮೋಸ. ಫಕೀರಪ್ಪ."

ಖಾಜಾಸಾಬರು ಕಣ್ಣು ಮುಚ್ಚಿದರು. ಗಿರಿಜವ್ವನ ಗೆಣ್ಣು ಒತ್ತಿದರು. ರಾಗವಾಗಿ ಎತ್ತಿದರು.

"ಪ್ಪರಕೀಫ... ಸಮೋ... ದ್ಧಶು... ದುಇ!"

ಬಳೆ ಮೂರು ಒಳಗೆ ಹೋದವು. ಗಿರಿಜವ್ವ ನಗುತ್ತ ಅಂಗಡಿಯ ಕಂಬ ಹಿಡಿದುಕೊಂಡಳು. ಬಸ್ಸಿಗೆ ಕಾಯುತ್ತಿದ್ದವರೂ ನಕ್ಕರು. ಆ ವಾರದಿಂದ ಓಣಿಯ ಹುಡುಗರ ಬಾಯಲ್ಲಿ ನಾನು ಪ್ಪರಕೀಫ ಮಾಸ್ತರ ಆದೆ.

"ಮೋಸ ಅನ್ನೂದು ಸೀದಾ ಕೇಳಿದ್ರ ಮನಸಿಗೆ ಹತ್ತತದ್ರಿ," ಎಂದು ಖಾಜಾಸಾಬರು ಮಲಾರ ಕಟ್ಟುತ್ತ ಅಂದರು. "ತಿರುವಿದ್ರ ಏನೂ ಅನಸಂಗಿಲ್ಲ, ನೋಡ್ರಿ."

ಅದು ನನಗೆ ಸೀದಾ ಹತ್ತಿತು. ಎದ್ದು ಕೈ ಮುಗಿದೆ. "ತಪ್ಪಾತ್ರಿ ಖಾಜಾಸಾಬ್ರ," ಅಂದೆ. ಚಹಾ ತರಿಸಿದೆ. ಒಳಗೊಳಗೇ ಕುರ್ಚಿಗೆ ತಿಲಾಂಜಲಿ ಕೊಟ್ಟೆ.

ಎರಡು ವಾರ ಕಳೆದ ಮೇಲೆ ಹೆಡ್ ಮಾಸ್ತರರು ಮತ್ತೆ ಬಂದರು. ಕೈಯಲ್ಲಿ ಆಮಂತ್ರಣ ಪತ್ರಿಕೆ. 'ವಿಶೇಷ ಕಾರ್ಯಕ್ರಮ: ಶ್ರೀ ಖಾಜಾಸಾಬರಿಂದ ಉಲ್ಟಾ ಹಾಡು.' ಅದರ ಕೆಳಗೆ, 'ವೇದಿಕೆಯ ಮೇಲೆ: ಶ್ರೀ ಫಕೀರಪ್ಪನವರು.' ಸಲಹೆಗಾರರು ಎಂಬುದು ಇರಲಿಲ್ಲ. ಆದರೂ ಹೆಸರು ಇತ್ತು! ಅಚ್ಚಿನಲ್ಲಿ!

"ಮಾತ್ ಅಂದ್ರ ಮಾತು ನೋಡ್ರಿ," ಅಂದರು ಹೆಡ್ ಮಾಸ್ತರರು. "ಕುರ್ಚಿ ಐತಿ. ಅರ್ಧ ತೋಳಿನ ಅಂಗಿ ಹಾಕ್ಕೊಂಡ್ ಬರ್ರಿ."

ಅರ್ಧ ತೋಳು ಯಾಕೆ ಎಂದು ನಾನು ಕೇಳಲಿಲ್ಲ. ಸೆಕೆ ಎಂದುಕೊಂಡೆ. ಬಿಳಿ ಬಟ್ಟೆ ತಂದು ಹೊಸ ಅಂಗಿ ಹೊಲಿಸಿದೆ. ಮನೆಗೆ ಬಂದ ಆಮಂತ್ರಣವನ್ನು ಗಿರಿಜವ್ವ ಓದಿ, ಮಡಚಿ, ದೇವರ ಮುಂದೆ ಇಟ್ಟಳು. ಮತ್ತೆ ಸುಮ್ಮನಾದಳು ಎಂಬುದನ್ನು ನಾನು ಗಮನಿಸಬೇಕಾಗಿತ್ತು.

ಗ್ಯಾದರಿಂಗಿನ ಸಂಜೆ ಶಾಲೆಯ ಬಯಲು ತುಂಬಿತ್ತು. ಮೈಕಿನಲ್ಲಿ ನನ್ನ ಹೆಸರು ಕರೆದರು. ಹತ್ತಿದೆ. ಬೇರೆಯವರ ಕುರ್ಚಿಗಳೆಲ್ಲ ಹಿಂದೆ ಸಾಲಾಗಿ ಇದ್ದವು. ನನ್ನದೊಂದೇ ಮುಂದೆ, ಸ್ಟೇಜಿನ ನಟ್ಟನಡುವೆ, ಜನರಿಗೆ ಎದುರಾಗಿ! ಇಷ್ಟೊಂದು ಗೌರವ ನಾನು ಬೇಡಿರಲಿಲ್ಲ. ಕೂತೆ. ಬೆನ್ನು ನೆಟ್ಟಗೆ ಮಾಡಿದೆ. ಎಲ್ಲೋ ಒಂದು ಬೆಂಚಿನ ಮೇಲೆ ನಿಂತಿದ್ದ ಹುಡುಗನೊಬ್ಬ ಕೊನೆಗೂ ಕೂತಂತಾಯಿತು.

ಆಗ ಖಾಜಾಸಾಬರು ಬಂದರು. ನನ್ನ ಕಾಲ ಬುಡದಲ್ಲಿ ಚಾಪೆ ಹಾಸಿದರು. ಮಲಾರ ಬಿಚ್ಚಿದರು. ನನ್ನ ಮುಖ ನೋಡಿ ಪ್ರೀತಿಯಿಂದ ಅಂದರು:

"ಎಡಗೈ ಕೊಡ್ರಿ ಮಾಸ್ತರ."

ನಾನು ಹಿಂತಿರುಗಿ ಹೆಡ್ ಮಾಸ್ತರರನ್ನು ನೋಡಿದೆ. ಅವರು ಬಾಗಿ ನನ್ನ ಕಿವಿಯಲ್ಲಿ ಹೇಳಿದರು. "ಏನ್ ಮಾಡೂದ್ರಿ, ಅವರಿಗೆ ಕೈಯಾಗ ಕೈ ಇಲ್ದ ಹಾಡು ಬರಂಗಿಲ್ಲ. ಇಷ್ಟ್ ಮಂದಿ ಮುಂದ ಬಳಿ ಇಡಿಸಿಕೊಳ್ಳಾಕ ಯಾವ ಹೆಣ್ಣುಮಗಳೂ ಒಪ್ಪಲಿಲ್ಲ. ನಿಮ್ಮ ಮನೆಯವರನ್ನ ಕೇಳಿದ್ವಿ. 'ನಾ ಬರಂಗಿಲ್ರಿ, ನಮ್ಮ ಮನ್ಯಾಗ ಇನ್ನೊಂದ್ ಕೈ ಖಾಲಿ ಐತಿ' ಅಂದ್ರು."

ಕೆಳಗೆ ಹೆಂಗಸರ ಸಾಲಿನಲ್ಲಿ ಗಿರಿಜವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಎದ್ದು ಓಡಬಹುದಾಗಿತ್ತು. ಆದರೆ ನಾನು ಓಡಿದರೆ ಆ ಮುದುಕರು ಸ್ಟೇಜಿನ ಮೇಲೆ ಹಾಡಿಲ್ಲದೆ ಕೂತಿರಬೇಕು. ಆಗ ಅವರನ್ನು ಖೊಟ್ಟಿ ಅಂದವನ ಮಾತೇ ಖರೆ ಆಗುತ್ತಿತ್ತು. ಇನ್ನೂ ಒಂದು ಕಾರಣ ಇತ್ತು, ಮುಚ್ಚಿಡುವುದಿಲ್ಲ. ಕುರ್ಚಿ ಬಿಡಲು ಮನಸ್ಸಾಗಲಿಲ್ಲ.

ಕೈ ಕೊಟ್ಟೆ.

"ಯವ್ವಾ! ಇದೇನ್ ಕೈಯೋ, ಕಬ್ಬಿಣದ ಸನಿಕಿಯೋ!" ಎಂದು ಖಾಜಾಸಾಬರು ಮೈಕಿನಲ್ಲೇ ಉದ್ಗರಿಸಿದರು. ಬಯಲು ನಕ್ಕಿತು. ಮಲಾರದ ತಳದಿಂದ ಎಲ್ಲಕ್ಕಿಂತ ದೊಡ್ಡ ಹಸಿರು ಬಳೆಗಳನ್ನು ತೆಗೆದರು. ಜನ ಕೂಗಿ ಕೂಗಿ ಸಾಲು ಕೊಟ್ಟರು. ಅವರು ತಿರುವಿ ತಿರುವಿ ಹಾಡಿದರು. ಒಂದು ಸಾಲು ಭಾಳ ಚಲೋ ಇತ್ತು. ಅದೇನಿರಬಹುದು ಎಂದು ನಾನೂ ಬೆರಳು ಮಡಚಿ ಬಿಡಿಸತೊಡಗಿದೆ. ಬಿಡಿಸಿ, "ಸಿಕ್ತು!" ಎಂದು ಕೂಗಿ ನೋಡಿದರೆ ನನ್ನ ಎಡಗೈಯಲ್ಲಿ ಆರು ಬಳೆ! ಒಂದಿಷ್ಟೂ ನೋವಾಗಿರಲಿಲ್ಲ. ಮನುಷ್ಯ ಅಸಲಿ.

ಮನೆಗೆ ಬಂದು ತೆಗೆಯಲು ಹೋದರೆ ಬರಲೊಲ್ಲವು. ಸಾಬೂನು ಹಚ್ಚಿದೆ. ಎಣ್ಣೆ ಹಚ್ಚಿದೆ. ಏರಿಸುವ ಹಾಡು ಅವರಿಗೆ ಗೊತ್ತಿತ್ತು, ಇಳಿಸುವ ಹಾಡು ನನಗೆ ಗೊತ್ತಿರಲಿಲ್ಲ. ಕೊನೆಗೆ ಇಕ್ಕಳ ತೆಗೆದುಕೊಂಡೆ. ಗಿರಿಜವ್ವ ಹಾರಿ ಬಂದು ಕೈ ಹಿಡಿದಳು.

"ಬಳಿ ಒಡೀತೀರಾ? ನಾ ಇನ್ನೂ ಬದಕೀನಿ! ಮುತ್ತೈದಿ ಇರೋ ಮನ್ಯಾಗ ಬಳಿ ಒಡಿಯೂ ಸದ್ದು ಕೇಳಬಾರ್ದು. ಮುಂದಿನ ಸಂತಿಗೆ ಖಾಜಾಸಾಬ್ರ ಬರ್ತಾರ, ಅವ್ರ ತೆಗೀತಾರ. ನಾವು ಹುಟ್ಟಾ ಹಾಕ್ಕೋತೀವಿ, ಏನಾಗೇತಿ? ನೀವು ಎಂಟು ದಿನ ಹಾಕ್ಕೋರಿ."

ಹಾಕಿಕೊಂಡೆ. ತುಂಬು ತೋಳಿನ ಅಂಗಿ ಹಾಕಿ, ಗುಂಡಿ ಬಿಗಿದು, ಆ ಬಿಸಿಲಿನಲ್ಲಿ ತಂತಿ ಸುತ್ತಿದೆ.

ನಾಲ್ಕನೆಯ ದಿನ ಬೇವೂರಿನಿಂದ ನಮ್ಮ ಮಾವನವರು ಅಂಗಡಿಗೆ ಬಂದರು. ಗಿರಿಜವ್ವನ ತಂದೆ. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ಅವರ ಬಾವಿಯ ಮೋಟಾರು ಸುಟ್ಟಿತ್ತು. ಬಂಡಿಯಿಂದ ಇಳಿಸಲು ನಾನೂ ಕೈ ಹಾಕಿ ಎತ್ತಿದೆ. ಗುಂಡಿ ಕಿತ್ತಿತು. ತೋಳು ಮೊಳಕೈವರೆಗೆ ಸರಿಯಿತು. ಆರೂ ಬಳೆ ಒಟ್ಟಿಗೆ ಘಲ್ ಅಂದವು.

ಮಾವನವರು ಮೋಟಾರು ಕೆಳಗಿಟ್ಟರು. ನನ್ನ ಕೈ ನೋಡಿದರು. ಡಬ್ಬಿ ತಂದಿದ್ದ ಮಗಳ ಕೈ ನೋಡಿದರು. ಮತ್ತೆ ನನ್ನ ಕೈ ನೋಡಿದರು. ಆಮೇಲೆ ಬಾಯಿ ಬಿಟ್ಟರು.

"ಬಳಿ ಛಲೋ ಅದಾವ್ರಿ ಅಳಿಯಂದಿರ."

"ಹೌದ್ರಿ ಮಾವಾರ."

"ಬಲಗೈಗೆ ಇಡಿಸಲಿಲ್ಲೇನ್ರಿ?"

"ಇಲ್ರಿ," ಅಂದೆ. "ಅಷ್ಟರಾಗ ಹಾಡು ಮುಗೀತ್ರಿ."